ಬಿದ್ದವರ ಪುಸ್ತಕ

ಆಸ್ಪತ್ರೆಯಲ್ಲಿ 11 ವರ್ಷ ನರ್ಸ್ ಆಗಿ ದುಡಿದ ಮೇಲೆ ಮೈಸೂರಿನ ಒಂದು ವೃದ್ಧಾಶ್ರಮಕ್ಕೆ ಸೇರಿದೆ. 26 ಹಿರಿಯರು, 7 ಆಯಾಗಳು. ಮೊದಲ ದಿನ ರಿಜಿಸ್ಟರ್ ತೆರೆದರೆ ಎಲ್ಲ ಅಚ್ಚುಕಟ್ಟು. ದಿನಾ ಎಲ್ಲರ ಬಿಪಿ 120/80. 26 ಮಂದಿಗೂ ಒಂದೇ! ಯಾರಾದರೂ ಬಿದ್ದರೆ ಬರೆಯುವ ಪುಟ ಮಾತ್ರ ವರ್ಷಪೂರ್ತಿ ಖಾಲಿ.

ಅದೇ ವಾರ ಒಬ್ಬ ಅಜ್ಜಿಗೆ ಸ್ನಾನ ಮಾಡಿಸುವಾಗ ಸೊಂಟದ ಮೇಲೆ ಅಂಗೈಯಗಲದ ಕಲೆ ಕಂಡಿತು. ಆಗಲೇ ಹಳದಿಗೆ ತಿರುಗಿತ್ತು. "ಯಾವಾಗ ಬಿದ್ರಿ ಅಜ್ಜಿ?" ಎಂದೆ. "ನಾನೆಲ್ಲಿ ಬಿದ್ದೆ ಮಗಾ, ಸುಮ್ನೆ ಕೂತ್ಕೊಂಡೆ" ಎಂದರು, ಆಯಾ ಮುಖ ನೋಡಿಕೊಂಡು. ಆಮೇಲೆ ಗೊತ್ತಾಯಿತು. ಡ್ಯೂಟಿಯಲ್ಲಿ ಯಾರಾದರೂ ಬಿದ್ದರೆ ಆ ಆಯಾಗೆ ಅರ್ಧ ದಿನದ ಸಂಬಳ ಕಟ್. ತನ್ನನ್ನು ನೋಡಿಕೊಳ್ಳುವವಳ ಸಂಬಳ ಉಳಿಸಲು ಅಜ್ಜಿ ನೋವು ನುಂಗಿದ್ದರು.

ರಾತ್ರಿ ಹೇಗಿರುತ್ತದೆ ನೋಡೋಣ ಅಂತ ಹೇಳದೆ ಕೇಳದೆ ಒಂದು ದಿನ ಎರಡು ಗಂಟೆಗೆ ಹೋದೆ. ಮರೆವಿನ ಕಾಯಿಲೆಯ ಇನ್ನೊಬ್ಬ ಅಜ್ಜಿಯನ್ನು ಹಳೇ ಸೀರೆಯಲ್ಲಿ ಮಂಚಕ್ಕೆ ಕಟ್ಟಿದ್ದರು. ಗಂಟು ಸಡಿಲವಾಗೇ ಇತ್ತು, ಪ್ರೀತಿಯಿಂದಲೇ ಕಟ್ಟಿದ್ದರು. "ಎದ್ದು ಓಡಾಡಿ ಬಿದ್ಬಿಡ್ತಾರೆ ಸಿಸ್ಟರ್, ಅದಕ್ಕೆ." ಆದರೆ ಕಟ್ಟಿಸಿಕೊಂಡವರು ಬಿಡಿಸಿಕೊಳ್ಳಲು ಎಳೆದಾಡುತ್ತಾರೆ, ಬಿದ್ದರೆ ಏಟು ಇನ್ನೂ ಜೋರು. ಅಲ್ಲಾಡದೆ ಮಲಗಿದರೆ ಬೆನ್ನು ಹುಣ್ಣಾಗುತ್ತದೆ. ಸೀರೆ ಬಿಚ್ಚಿದೆ, ಮಂಚವನ್ನು ತಗ್ಗಿನದಕ್ಕೆ ಬದಲಿಸಿದೆ, ಪಕ್ಕದಲ್ಲಿ ಒಂದು ಹಾಸಿಗೆ ಹಾಸಿದೆ. ಉರುಳಿದರೂ ಮೆತ್ತಗೆ ಉರುಳಲಿ.

ಸಂಬಳ ಕತ್ತರಿಸುವುದನ್ನು ನಿಲ್ಲಿಸಿ ಎಂದು ಆಡಳಿತದವರ ಜೊತೆ ಜಗಳವಾಡಿದೆ. ಎರಡು ತಿಂಗಳು ಹಿಡಿಯಿತು. ಅದಾದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಂದು "ಬಿದ್ದವರ ಪುಸ್ತಕ" ಅಂತ ಬರೆದು ಅಡುಗೆಮನೆ ಪಕ್ಕ ನೇತುಹಾಕಿದೆ. ಯಾರು, ಎಲ್ಲಿ, ಎಷ್ಟು ಗಂಟೆಗೆ, ಕಾಲಲ್ಲಿ ಏನಿತ್ತು. ಇಷ್ಟೇ. ಯಾರ ತಪ್ಪು ಅನ್ನುವ ಕಾಲಂ ಇಲ್ಲ. ಬೀಳುವಂತಾಗಿ ತಪ್ಪಿಸಿಕೊಂಡರೆ ಅದನ್ನೂ ಬರೆಯಬೇಕು.

ಮೊದಲ ತಿಂಗಳು ಪುಟಗಳು ತುಂಬಿದ್ದು ನೋಡಿ ಆಡಳಿತದವರು ಗಾಬರಿಯಾದರು. "ನೀವು ಬಂದ ಮೇಲೆ ಬೀಳೋದು ಜಾಸ್ತಿ ಆಗಿದೆ" ಎಂದರು. ಬೀಳುವುದು ಮೊದಲೂ ಇತ್ತು, ಬರೆಯುವುದು ಇರಲಿಲ್ಲ ಅಷ್ಟೇ.

ಮೂರು ತಿಂಗಳ ಪುಟಗಳನ್ನು ಹರಡಿಕೊಂಡು ಕೂತಾಗ ನನಗೇ ಆಶ್ಚರ್ಯ. ಬಚ್ಚಲಿನಲ್ಲೇ ಜಾಸ್ತಿ ಬೀಳುತ್ತಾರೆ ಅಂದುಕೊಂಡಿದ್ದೆ. ಬೀಳುತ್ತಿದ್ದದ್ದು ಬಚ್ಚಲಿಗೆ ಹೋಗುವ ದಾರಿಯಲ್ಲಿ, ಬೆಳಗಿನ ಜಾವ 3ರಿಂದ 5ರೊಳಗೆ. ಕತ್ತಲು, ನುಣ್ಣನೆಯ ಗ್ರಾನೈಟ್, ಸವೆದ ಹವಾಯಿ ಚಪ್ಪಲಿ. ಇನ್ನೊಂದು ವಿಷಯ ಮಾತ್ರೆ ಪಟ್ಟಿಯಲ್ಲಿತ್ತು. ಕಾಲು ಊತಕ್ಕೆ ಕೊಡುವ, ಮೂತ್ರ ಹೋಗಿಸುವ ಮಾತ್ರೆಯನ್ನು ನಾಲ್ಕು ಜನಕ್ಕೆ ರಾತ್ರಿ ಊಟದ ಜೊತೆ ಕೊಡುತ್ತಿದ್ದರು. ಪಾಪ, ಅವರು ಏಳದೆ ಏನು ಮಾಡಿಯಾರು? ಡಾಕ್ಟರನ್ನು ಕೇಳಿದೆ. ಪಟ್ಟಿ ನೋಡಿ ಬೆಳಗ್ಗೆಗೆ ಬದಲಿಸಿದರು.

ಹಿಡಿಕೆ ಹಾಕಿಸಿದ್ದು, ನೆಲದ ಹತ್ತಿರ ಸಣ್ಣ ರಾತ್ರಿ ದೀಪ ಕೂರಿಸಿದ್ದು, ಹಿಂದೆ ಪಟ್ಟಿಯಿರುವ ಚಪ್ಪಲಿ ಕೊಡಿಸಿದ್ದು, ಇಬ್ಬರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ ಇಟ್ಟಿದ್ದು, ಎಲ್ಲ ಆಮೇಲೆ ಬೇಗ ಬೇಗ ಆಯಿತು. ಖರ್ಚಿಲ್ಲದ ಉಪಾಯವೂ ಒಂದಿದೆ. ಎದ್ದ ತಕ್ಷಣ ನಿಲ್ಲಬಾರದು, ಕಾಲು ಇಳಿಬಿಟ್ಟು ಎರಡು ನಿಮಿಷ ಮಂಚದ ಮೇಲೇ ಕೂರಬೇಕು. ದಡಕ್ಕನೆ ನಿಂತರೆ ಬಿಪಿ ಇಳಿದು ತಲೆ ಸುತ್ತುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಎಲ್ಲರಿಗೂ ಪಾಠ ಮಾಡಿದರು. ನಾನು ಹೇಳಿದರೆ ಕೇಳದವರು ಅವರ ಮಾತು ಕೇಳಿದರು.

ಬೆನ್ನು ಹುಣ್ಣಿನ ಕತೆ ಬೇರೆ. ಎದ್ದೇಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಚಾರ್ಟಿನಲ್ಲಿ ಟಿಕ್ ಹಾಕುತ್ತಿದ್ದರು, ಬೆಳಗ್ಗೆ ಒಂದೇ ಸಲ ಎಲ್ಲ ಟಿಕ್! ಟಿಕ್ ಬೇಡ, "ಎಡ, ಬಲ, ಬೆನ್ನು" ಅಂತ ಬರೆಯಿರಿ ಎಂದೆ. ಈಗ ಬಾಗಿಲಲ್ಲಿ ಇಣುಕಿದರೆ ಸಾಕು. ಚಾರ್ಟ್ ಎಡ ಅನ್ನುತ್ತದೆ, ತಾತ ಬಲಕ್ಕೆ ಮಲಗಿದ್ದಾರೆ ಅಂದರೆ ಗೊತ್ತಾಗಿಬಿಡುತ್ತದೆ. ಕೆಂಪಗಾದ ಜಾಗಕ್ಕೆ ಪೌಡರ್ ಹಾಕಿ ಉಜ್ಜುವ ಅಭ್ಯಾಸವನ್ನೂ ಬಿಡಿಸಿದೆ. ಉಜ್ಜಿದರೆ ಒಳಗಿನ ಚರ್ಮಕ್ಕೆ ಇನ್ನಷ್ಟು ಪೆಟ್ಟು.

ನಾನು ಸೋತದ್ದು ಮುದ್ದೆ ವಿಷಯದಲ್ಲಿ. ಪಾರ್ಶ್ವವಾಯು ಆದ ಮಂಡ್ಯ ಕಡೆಯ ತಾತನಿಗೆ ನುಂಗುವುದು ಕಷ್ಟ. ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಗಂಟಲಲ್ಲಿ ಸಿಕ್ಕರೆ? "ಬೇಡ ತಾತಾ" ಎಂದೆ. ಎರಡು ದಿನ ಊಟ ಬಿಟ್ಟರು. ಕೊನೆಗೆ ನುಂಗುವಿಕೆ ಪರೀಕ್ಷಿಸುವ ಥೆರಪಿಸ್ಟ್ ಬಂದು ನೋಡಿದರು. ಅವರು ಹೇಳಿದಂತೆ ರಾಗಿಯನ್ನು ಗಂಟಿಲ್ಲದ ಗಟ್ಟಿ ಅಂಬಲಿ ಮಾಡಿ, ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡುತ್ತೇವೆ. ಉಂಡ ಮೇಲೆ ಅರ್ಧ ಗಂಟೆ ಮಲಗಿಸುವುದಿಲ್ಲ. "ಇದು ಮುದ್ದೆಯಲ್ಲ" ಅಂತ ಈಗಲೂ ಬೈಯುತ್ತಾರೆ. ಸರಿಯಾಗೇ ಬೈಯುತ್ತಾರೆ.

ಕಾನೂನು ಏನು ಹೇಳುತ್ತದೆ ಅಂತ ಕೇಳುವವರಿದ್ದಾರೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ, ಬಡ ಹಿರಿಯರಿಗಾಗಿ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿಯ ವೃದ್ಧಾಶ್ರಮ ತೆರೆಯುವ ಮಾತಿದೆ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಕಾಯ್ದೆ ಬಂದು ಕೈ ಹಿಡಿಯುವುದಿಲ್ಲ ಅಲ್ವಾ. ಹಿರಿಯರ ಸಹಾಯವಾಣಿ 14567 ಅನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ಆಫೀಸಿನಲ್ಲಲ್ಲ, ಊಟದ ಕೋಣೆಯಲ್ಲಿ, ನಮ್ಮ ಮೇಲೆ ದೂರು ಕೊಡಬೇಕೆಂದರೂ ಅವರಿಗೆ ಕಾಣುವಂತೆ.

ಕಳೆದ ತಿಂಗಳು ಪುಸ್ತಕದಲ್ಲಿ ಹಿರಿಯ ಆಯಾ ಒಬ್ಬರ ಸೊಟ್ಟ ಅಕ್ಷರ ಕಂಡಿತು: "4 ಗಂಟೆ. ಮೇಷ್ಟ್ರು ಬಾಗಿಲ ಹತ್ತಿರ ಜಾರಿದರು. ಏಟಿಲ್ಲ. ನನಗೆ ನಿದ್ದೆ ಬಂದಿತ್ತು." ಆ ಅಕ್ಕನ ಪಾಳಿ ನೋಡಿದೆ. ಸತತ ಒಂಬತ್ತನೇ ರಾತ್ರಿ ಅದು. ಈಗ ಯಾರಿಗೂ ನಾಲ್ಕಕ್ಕಿಂತ ಹೆಚ್ಚು ರಾತ್ರಿ ಒಟ್ಟಿಗೆ ಹಾಕುವುದಿಲ್ಲ.