ಮೀಟರಿನ ಕೆಂಪು ದೀಪ ಎಣಿಸಿ ಗೀಸರಿನ ಲೆಕ್ಕ ಹಿಡಿಯುವುದು

ಮಳೆಗಾಲದಲ್ಲಿ ಕರೆಂಟ್ ಬಿಲ್ ಏರಿದರೆ ಕೊಡಗಿನ ಮನೆಗಳಲ್ಲಿ ಮೊದಲು ಬೈಸಿಕೊಳ್ಳುವುದು ಗೀಸರ್. ಗೃಹಜ್ಯೋತಿ ಇರುವವರಿಗಂತೂ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲೇ ತಲೆಗೆ ಬರುತ್ತದೆ. ಬೈಯುವ ಮುಂಚೆ ಅಳೆದು ನೋಡಿ.

ಸುಲಭದ ಲೆಕ್ಕ ಎಲ್ಲರಿಗೂ ಗೊತ್ತು: ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್. 9 ವ್ಯಾಟಿನ ಬಲ್ಬ್ 10 ಗಂಟೆ ಉರಿದರೆ 0.09 ಯೂನಿಟ್. ಬಲ್ಬು, ಫ್ಯಾನಿಗೆ ಇದು ಸಾಕು. ಇಸ್ತ್ರಿಪೆಟ್ಟಿಗೆ, ಫ್ರಿಜ್‌ಗಳು ನಡುನಡುವೆ ತಾವೇ ಆಫ್ ಆಗುವುದರಿಂದ ಈ ಲೆಕ್ಕ ಜಾಸ್ತಿ ತೋರಿಸುತ್ತದೆ. ಬಾವಿಯ ಪಂಪಿನದು ಉಲ್ಟಾ. 1 ಎಚ್‌ಪಿ ಅಂದರೆ 746 ವ್ಯಾಟ್ ನಿಜ, ಆದರೆ ಅದು ಮೋಟಾರ್ ಹೊರಗೆ ಕೊಡುವ ಶಕ್ತಿ. ಲೈನಿನಿಂದ ಎಳೆಯುವುದು ಸುಮಾರು 1000 ವ್ಯಾಟ್.

ಹಾಗಾಗಿ ಮೀಟರನ್ನೇ ಕೇಳುವುದು ಒಳ್ಳೆಯದು. ಅದರ ಮುಖದ ಮೇಲೆ 'ಐಎಂಪಿ/ಕೆಡಬ್ಲ್ಯೂಎಚ್' ಎಂಬುದರ ಜೊತೆ 1600, 3200 ಇಂಥ ಒಂದು ಸಂಖ್ಯೆ ಇರುತ್ತದೆ. ಕೆಂಪು ದೀಪ ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್.

ಮನೆಯದ್ದೆಲ್ಲ ಆಫ್ ಮಾಡಿ ಎರಡು ನಿಮಿಷ ದೀಪ ನೋಡಿ. ಇನ್ನೂ ಮಿನುಗುತ್ತಿದ್ದರೆ ನಮ್ಮ ಕಡೆ ಕಳ್ಳ ಹೆಚ್ಚಾಗಿ ಇನ್ವರ್ಟರ್. ಲೈನ್ ಮೇಲೆ ಮರ ಬಿದ್ದು ಇಡೀ ದಿನ ಕರೆಂಟ್ ಹೋಗಿ ಬಂದಿದ್ದರೆ, ಖಾಲಿಯಾದ 150 ಆಂಪಿಯರ್-ಅವರ್ ಬ್ಯಾಟರಿ ತುಂಬಿಕೊಳ್ಳಲು 2 ಯೂನಿಟ್ ಮೀರಿ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಅದರ ಪ್ಲಗ್ ಕಿತ್ತಿಡಿ. ಇನ್ವರ್ಟರ್ ಲೈನಿನಲ್ಲಿರುವ ಸಾಮಾನು ಆಗ ಬ್ಯಾಟರಿಯಿಂದ ಓಡುತ್ತದೆ, ಮೀಟರಿಗೆ ಕಾಣುವುದಿಲ್ಲ. ಅದನ್ನು ಹೀಗೆ ಅಳೆಯಲಾಗದು.

ಈಗ ಗೀಸರ್ ಮಾತ್ರ ಹಾಕಿ. ಮೊದಲ ಮಿನುಗನ್ನು 'ಸೊನ್ನೆ' ಎಂದು ಎಣಿಸಿ, ಅಲ್ಲಿಂದಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಿ. 'ಒಂದು' ಎಂದು ಶುರು ಮಾಡುವುದೇ ಸಾಮಾನ್ಯ ತಪ್ಪು. 20 ಆಗುವಾಗ ನಿಲ್ಲಿಸಿ.

ವ್ಯಾಟ್ = ಮಿನುಗು × 36,00,000 ÷ (ಮೀಟರಿನ ಸಂಖ್ಯೆ × ಸೆಕೆಂಡ್)

3200ರ ಮೀಟರಿನಲ್ಲಿ 20 ಮಿನುಗಿಗೆ 12 ಸೆಕೆಂಡ್ ಹಿಡಿದರೆ 1875 ವ್ಯಾಟ್.

2000 ವ್ಯಾಟಿನ ಗೀಸರ್ 1200 ಚಿಲ್ಲರೆ ತೋರಿಸಿದರೆ ಗಾಬರಿ ಬೇಡ, ವೋಲ್ಟೇಜ್ ನೋಡಿ. ಲೈನಿನ ಕೊನೆಯ ತೋಟದ ಮನೆಗೆ 230ರ ಬದಲು 180 ವೋಲ್ಟ್ ಬಂದರೆ ಕಾಯಿಲ್ ಎಳೆಯುವುದೇ 1225 ವ್ಯಾಟ್. ನೀರು ಕಾಯಲು ಬೇಕಾದ ಯೂನಿಟ್ ಹೀಗೆ: ಲೀಟರ್ × ಏರಬೇಕಾದ ಡಿಗ್ರಿ ÷ 860. 15 ಲೀಟರ್ ನೀರು 18ರಿಂದ 58 ಡಿಗ್ರಿಗೆ ಏರಲು 0.7 ಯೂನಿಟ್. ಪೂರ್ತಿ ವೋಲ್ಟೇಜಿದ್ದರೆ 21 ನಿಮಿಷ, 180ರಲ್ಲಿ 34 ನಿಮಿಷ. ಹೊತ್ತು ಹೆಚ್ಚು ಹಿಡಿಯಿತೆಂದು ಬಿಲ್ ಅಷ್ಟೇ ಪಾಲು ಏರುವುದಿಲ್ಲ. ಸ್ವಿಚ್ ಹಾಕಿ ಇಡೀ ದಿನ ಬಿಟ್ಟರೆ ಮಾತ್ರ, ಆರಿದ ನೀರನ್ನು ಮತ್ತೆ ಮತ್ತೆ ಕಾಯಿಸಿ ದಂಡ ಹೋಗುತ್ತದೆ.

ಫ್ರಿಜ್ಜಿಗೆ ಮಿನುಗು ಎಣಿಸಿ ಪ್ರಯೋಜನವಿಲ್ಲ. ಸ್ಟಾರ್ ಚೀಟಿಯಲ್ಲಿರುವ ವಾರ್ಷಿಕ ಯೂನಿಟನ್ನು 365ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ನಿಖರ ಬೇಕಿದ್ದರೆ ಪ್ಲಗ್ಗಿಗೆ ಸಿಕ್ಕಿಸುವ ಪವರ್ ಮೀಟರನ್ನು ಎರಡು ಮೂರು ದಿನ ಇಡಿ. ತರುವುದಾದರೆ 16 ಆಂಪಿಯರಿನದ್ದೇ ತನ್ನಿ: ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ, 6ರದ್ದಕ್ಕೆ ಸಿಕ್ಕಿಸಿದರೆ ಪ್ಲಗ್ ಕಾದು ಕರಗೀತು.