ಹೊಟ್ಟೆಯ ಗೆರೆ ನೋಡಿ ಕಾಡುಕತ್ತೆಗಳ ಗುರುತು ಹಿಡಿದೆ

“ಕತ್ತೆಗಳಿಗೆ ಆಧಾರ್ ಕಾರ್ಡ್ ಮಾಡಿಸ್ತೀಯೇನೋ?” ಅಂತ, ಒಂದೊಂದು ಕಾಡುಕತ್ತೆಯನ್ನೂ ಗುರುತು ಹಿಡಿಯುತ್ತೇನೆ ಅಂದಾಗ ಗೆಳೆಯನೊಬ್ಬ ನಕ್ಕಿದ್ದ. ಕಛ್‌ನ ಚಿಕ್ಕ ರಣದಲ್ಲಿ (ಗುಜರಾತಿನ ಉಪ್ಪಿನ ಬಯಲು) ನಾಲ್ಕು ವರ್ಷ ಅಲೆದ ಮೇಲೆ ಈಗ ನನ್ನ ಹತ್ತಿರ ಅರವತ್ತು ಚಿಲ್ಲರೆ ಕತ್ತೆಗಳ ಕಡತ ಇದೆ. 2024ರ ಎಣಿಕೆಯಲ್ಲಿ 7,672 ಸಿಕ್ಕಿವೆ. ಅದರ ಮುಂದೆ ಇದು ಏನೂ ಅಲ್ಲ, ಆದರೂ ಇಷ್ಟನ್ನು ನಾನು ಮುಖ ನೋಡಿದಷ್ಟು ಸಲೀಸಾಗಿ ಹೇಳಬಲ್ಲೆ.

ಮೊದಲ ವರ್ಷ ಪೂರ್ತಿ ದಂಡ. ಜೀಪಿನಲ್ಲಿ ಹಿಂದೆ ಬಿದ್ದೆ, ಸಿಕ್ಕಿದ್ದು ಬರೀ ಹಿಂಭಾಗ. ಜೀಪು, ರೂಮು, ಬಾಡಿಗೆ ಲೆನ್ಸ್ ಸೇರಿ ನಲವತ್ತೈದು ಸಾವಿರದಷ್ಟು ಹೋಯಿತು. ಎರಡನೇ ವರ್ಷ ಮಧ್ಯಾಹ್ನ ತೆಗೆದ ಫೋಟೊಗಳಲ್ಲಿ ಬಿಸಿಲ್ಗುದುರೆಗೆ ಕಿವಿಯೆಲ್ಲ ಕುದಿಯುತ್ತಿತ್ತು. ಉಪ್ಪಿನ ಧೂಳು ಹೊಕ್ಕ ಲೆನ್ಸ್ ರಿಪೇರಿಗೆ ಇನ್ನೊಂದು ಹನ್ನೊಂದು ಸಾವಿರ.

ಮೂರನೇ ವರ್ಷ ಓಡುವುದು ಬಿಟ್ಟು ಲದ್ದಿ ಕಾಯತೊಡಗಿದೆ. ಜಾಗ ಹಿಡಿದ ಗಂಡು ಅದೇ ಲದ್ದಿರಾಶಿಗೆ ಮತ್ತೆ ಮತ್ತೆ ಬರುತ್ತದೆ, ಮೂಸುತ್ತದೆ, ಅಲ್ಲೇ ಹಾಕುತ್ತದೆ. ಹೆಣ್ಣುಗಳ ಗುಂಪು ಬಂದು ಹೋಗುತ್ತದೆ, ಅವನು ಮಾತ್ರ ಜಾಗ ಬಿಡುವುದಿಲ್ಲ. ಗಾಳಿಗೆದುರಾಗಿ ಇನ್ನೂರು ಹೆಜ್ಜೆ ದೂರ ಕೂತರೆ ಪಕ್ಕೆ ತೋರಿಸಿಕೊಂಡು ನಿಲ್ಲುತ್ತವೆ. ಗಾಡಿಯನ್ನು ಎಲ್ಲಿ, ಹೇಗೆ ನಿಲ್ಲಿಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ.

ಪಕ್ಕೆಯ ಮರಳುಬಣ್ಣ ಮುಗಿದು ಹೊಟ್ಟೆಯ ಬಿಳಿ ಶುರುವಾಗುವ ಆ ಅಂಕುಡೊಂಕು ಅಂಚೇ ನನ್ನ ಗುರುತು. ಎಡ ಬಲ ಎರಡೂ ಬೇಕು. ಗಾಯದ ಕಲೆ ನಂಬಬೇಡಿ, ಗಂಡುಗಳ ಕಾದಾಟದಲ್ಲಿ ದಿನಕ್ಕೊಂದು ಹೊಸದು. ಚಳಿಗಾಲದಲ್ಲಿ ಕೂದಲು ಬೆಳೆದು ಅಂಚು ಮಸುಕಾಗುತ್ತೆ, ಹಾಗಾಗಿ ಮಳೆಗಾಲದ ಫೋಟೊವನ್ನು ಮಳೆಗಾಲದ್ದರ ಜೊತೆಗೇ ಇಟ್ಟು ನೋಡಬೇಕು.

ಮಳೆಗಾಲದಲ್ಲಿ ಇಲ್ಲಿನ ಕಾಡುಕತ್ತೆ ಅಭಯಾರಣ್ಯ ಮುಚ್ಚಿರುತ್ತದೆ. ಆದರೆ ಕತ್ತೆಗಳು ಹೊರಗಿನ ಹೊಲಗಳಿಗೆ ನುಗ್ಗುತ್ತವಲ್ಲ! ರೈತರೊಬ್ಬರ ಬದುವಿನ ಮೇಲೆ ಕೂತಿದ್ದೆ. ಎಳೇ ಮರಿಯ ಜೊತೆ ಗಂಗಿ (ನಾನಿಟ್ಟ ಹೆಸರು) ಬಂದಳು. ಗಂಡು ಮೂಸಿ, ಮೇಲ್ದುಟಿ ಎತ್ತಿ ಹಲ್ಲು ಕಿಸಿಯಿತು. ಎರಡು ದಿನ ಅವಳಿಂದ ಒದೆ ತಿಂದ. ಮೂರನೇ ದಿನ ಅವಳು ಕೂಡಲು ನಿಂತಳು. ಗಬ್ಬ ಸುಮಾರು ಹನ್ನೊಂದು ತಿಂಗಳು, ಮುಂದಿನ ಮಳೆಗಾಲಕ್ಕೆ ಇನ್ನೊಂದು ಮರಿ ಬೇಕಾದರೆ ಮರಿ ಹಾಕಿದ ಬೆನ್ನಿಗೇ ಬೆದೆಗೆ ಬರಬೇಕು. ಮರುವರ್ಷ ಅದೇ ಹೊಲ, ಅದೇ ಅಂಚು, ಹೊಸ ಮರಿ! ಎರಡು ಫೋಟೊಗಳನ್ನೂ ಆ ಗೆಳೆಯನಿಗೆ ಕಳಿಸಿದೆ. ಇನ್ನೂ ಉತ್ತರ ಬಂದಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ಒಣ ಲದ್ದಿಯನ್ನು ಐದು ಡಬ್ಬಕ್ಕೆ ಹಾಕಿ ನೀರು ಬಿಟ್ಟೆ. ಮೂರರಲ್ಲಿ, ಕತ್ತೆ ತಿಂದ ಕಾಯಿಯ ಬೀಜದಿಂದ, ಬಳ್ಳಾರಿ ಜಾಲಿ ಮೊಳೆಯಿತು. ರೂಮಿನ ಯಜಮಾನರು ನೋಡಿ, ಇದು ಊರಲ್ಲಿರೋದೇ ಸಾಲದಾ ಅಂತ ಬೈದು ಕೀಳಿಸಿದರು.