ಹಾರ್ಡ್‌ವೇರ್ ನಗರ ಕಟ್ಟುವ ಬಗೆ: ಮೊದಲು ದಿನ ಎಣಿಸಿ

ನಗರವೊಂದನ್ನು ಹಾರ್ಡ್‌ವೇರ್ ಕೇಂದ್ರ, ಅಂದರೆ ಎಲೆಕ್ಟ್ರಾನಿಕ್ ಸಾಧನ ತಯಾರಿಸುವ ಊರು, ಮಾಡಲು ಹೊರಟವರು ಬಹುತೇಕ ಮೊದಲು ಜಾಗ ಹುಡುಕುತ್ತಾರೆ. ನೂರಾರು ಎಕರೆ, ಗಾಜಿನ ಕಟ್ಟಡ, ದೊಡ್ಡ ಹೆಬ್ಬಾಗಿಲು. ಅದಕ್ಕೂ ಮುಂಚೆ ಆಗಬೇಕಾದ ಕೆಲಸವೊಂದಿದೆ. ಕೆಟ್ಟ ಸರ್ಕ್ಯೂಟ್ ಬೋರ್ಡೊಂದು ಮೇಜಿನ ಮೇಲೆ ಬಿದ್ದ ಗಳಿಗೆಯಿಂದ ಅದರ ತಿದ್ದಿದ ರೂಪ ಅದೇ ಮೇಜಿಗೆ ಬರಲು ಆ ಊರಲ್ಲಿ ಎಷ್ಟು ದಿನ ಹಿಡಿಯುತ್ತದೆ ಎಂದು ಎಣಿಸಬೇಕು. ಇದನ್ನು ಒಂದು ಸುತ್ತು ಎನ್ನೋಣ. ಸುತ್ತಿಗೆ 45 ದಿನ ಹಿಡಿದರೆ ವರ್ಷಕ್ಕೆ 8 ಸಲ ತಿದ್ದಿಕೊಳ್ಳಬಹುದು, 7 ದಿನ ಹಿಡಿದರೆ 52 ಸಲ. ಜಾಣ ಎಂಜಿನಿಯರ್‌ಗಳು ಎರಡೂ ಕಡೆ ಸಿಗುತ್ತಾರೆ. ಮುಂದೆ ಹೇಳಿರುವುದೆಲ್ಲ ಆ 45ನ್ನು 7ಕ್ಕೆ ಇಳಿಸುವ ಕೆಲಸ.

ಅಳೆಯುವ ಬಗೆ

ಒಂದು ಅಳತೆಯ ಬೋರ್ಡ್ ಸಿದ್ಧಪಡಿಸಿ: ತಾಮ್ರದ ಎರಡು ಪದರ, 1.6 ಮಿ.ಮೀ. ದಪ್ಪ, ಸುಮಾರು 60 ಬಗೆಯ ಬಿಡಿಭಾಗ, ಒಂದು ಮೈಕ್ರೋಕಂಟ್ರೋಲರ್, ಒಂದು ರೇಡಿಯೋ ಮಾಡ್ಯೂಲ್, ಒಂದು ಲಿಥಿಯಂ ಬ್ಯಾಟರಿ, ಪ್ಲಾಸ್ಟಿಕ್ ಪೆಟ್ಟಿಗೆ. ಯಾವ ಅಧಿಕಾರಿಯ ಪರಿಚಯವೂ ಇಲ್ಲದ ಸಾಮಾನ್ಯ ಗಿರಾಕಿಯ ಕೈಯಲ್ಲಿ ಇದರ ಐದು ಸೆಟ್ ಮಾಡಿಸಿ. ವಿನ್ಯಾಸದ ಫೈಲ್ ಕಳಿಸಿದ ಹೊತ್ತು, ಖಾಲಿ ಬೋರ್ಡ್ ಬಂದ ಹೊತ್ತು, ಕೊನೆಯ ಬಿಡಿಭಾಗ ಕೈಸೇರಿದ ಹೊತ್ತು, ಜೋಡಣೆ ಮುಗಿದದ್ದು, ಪೆಟ್ಟಿಗೆ ಬಂದದ್ದು, ಪರೀಕ್ಷಾ ಕೊಠಡಿಯಲ್ಲಿ ಸರದಿ ಸಿಕ್ಕಿದ್ದು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ಸಲ ಮಾಡಿಸಿ, ಸರಾಸರಿ ಬಿಟ್ಟು ಅತಿ ತಡವಾದ ಸಲದ ಲೆಕ್ಕ ಹಿಡಿಯಿರಿ. ಕೆಲಸ ನಡೆದ ದಿನಗಳು ಬೆರಳೆಣಿಕೆಯಷ್ಟಿರುತ್ತವೆ, ಉಳಿದದ್ದು ಕಾಯುವಿಕೆ. ಅತಿ ಉದ್ದದ ಕಾಯುವಿಕೆ ಎಲ್ಲಿದೆಯೋ ದುಡ್ಡು ಮೊದಲು ಅಲ್ಲಿಗೆ ಹೋಗಬೇಕು.

ಬಿಡಿಭಾಗದ ಪೇಟೆ

ಬೋರ್ಡಿಗೆ 100 ಬಗೆಯ ಭಾಗ ಬೇಕು, ಒಂದೊಂದೂ ಊರಲ್ಲಿ ಸಿಗುವ ಸಾಧ್ಯತೆ ಶೇ 98 ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ನೂರೂ ಒಟ್ಟಿಗೆ ಸಿಗುವ ಸಾಧ್ಯತೆ ಸುಮಾರು ಶೇ 13 ಮಾತ್ರ. ಅದೇ ಶೇ 99.9 ಆದರೆ ಒಟ್ಟು ಸಾಧ್ಯತೆ ಶೇ 90ಕ್ಕೆ ಏರುತ್ತದೆ. ‘ಬಹುತೇಕ ಎಲ್ಲ ಸಿಗುತ್ತದೆ’ ಎನ್ನುವ ಊರಿಗೂ ‘ಎಲ್ಲ ಸಿಗುತ್ತದೆ’ ಎನ್ನುವ ಊರಿಗೂ ಇರುವ ಅಂತರ ಇದು. ಒಂದೇ ಒಂದು ಕನೆಕ್ಟರ್ ಇಲ್ಲದಿದ್ದರೂ ಬೋರ್ಡ್ ಅಲ್ಲೇ ನಿಲ್ಲುತ್ತದೆ.

0603 ಎಂಬ ಪುಟ್ಟ ಅಳತೆಯ ರೆಸಿಸ್ಟರ್‌ಗಳ ಟೇಪ್ ಸುತ್ತಿದ ರೀಲ್‌ನಲ್ಲಿ ಸಾಮಾನ್ಯವಾಗಿ 5000 ಇರುತ್ತವೆ. ಹೊಸಬನಿಗೆ ಬೇಕಾದದ್ದು 50. ಟೇಪ್ ಕತ್ತರಿಸಿ ಐವತ್ತೇ ಕೊಡುವ ಅಂಗಡಿ ಇಲ್ಲದ ಊರಲ್ಲಿ ಅವನ ಹಣ ಬಳಸದ ರೀಲ್‌ಗಳಲ್ಲಿ ಹೂತುಹೋಗುತ್ತದೆ. ಚೀನಾದ ಶೆನ್‌ಝೆನ್ 1980ರಲ್ಲಿ ವಿಶೇಷ ಆರ್ಥಿಕ ವಲಯವಾಯಿತು. ಅಲ್ಲಿನ ಹುವಾಚ್ಯಾಂಗ್‌ಬೇಯಲ್ಲಿ 1988ರಲ್ಲಿ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಶುರುವಾಯಿತು. ಚಿಕ್ಕ ಚಿಕ್ಕ ಕೌಂಟರ್‌ಗಳು, ಒಬ್ಬ ಬರೀ ಕೆಪಾಸಿಟರ್ ಮಾರಿದರೆ ಪಕ್ಕದವ ಬರೀ ಸ್ವಿಚ್. ನಗರಾಡಳಿತ ಇಂಥದ್ದಕ್ಕೆ ಕೊಡಬೇಕಾದದ್ದು ಒಂದೇ ಸೂರಿನಡಿ ಪುಟ್ಟ ಕೌಂಟರ್, ಕಡಿಮೆ ಬಾಡಿಗೆ, ದೀರ್ಘ ಗುತ್ತಿಗೆ, ಮತ್ತು ಸುತ್ತಲಿನ ಕಾರ್ಖಾನೆಗಳಲ್ಲಿ ಮಿಕ್ಕ ಸರಕನ್ನು ಕಾನೂನುಬದ್ಧವಾಗಿ ಮಾರುವ ದಾರಿ.

ಇಂಥ ಪೇಟೆ ಹೆಸರು ಕೆಡಿಸಿಕೊಳ್ಳುವುದು ಎರಡು ಕಾರಣಕ್ಕೆ. ಒಂದು ನಕಲಿ ಚಿಪ್: ಹಳೆಯ ಬೋರ್ಡಿನಿಂದ ಕಿತ್ತು, ಮೈ ಉಜ್ಜಿ, ಹೊಸ ಅಕ್ಷರ ಅಚ್ಚೊತ್ತಿದ್ದು. ಪೇಟೆಗೆ ಒಂದು ಎಕ್ಸ್-ರೇ ಯಂತ್ರ ಹಾಕಿ, ನಂಬಿಕಸ್ಥ ಮಾದರಿಯ ಪಕ್ಕ ಇಟ್ಟು ನೋಡುವ ಸೌಲಭ್ಯ ಮಾಡಿದರೆ ಬಹಳಷ್ಟು ಸಿಕ್ಕಿಬೀಳುತ್ತವೆ. ಎರಡನೆಯದು ತೇವ. ಇದನ್ನು ಗಮನಿಸುವವರು ಕಡಿಮೆ. ತೇವ ಸಂವೇದನೆಯ 3ನೇ ಹಂತದ ಚಿಪ್‌ಗಳನ್ನು ಚೀಲ ಒಡೆದ ಮೇಲೆ 30 ಡಿಗ್ರಿ, ಶೇ 60 ತೇವಾಂಶದ ಮಿತಿಯೊಳಗೆ 168 ಗಂಟೆ ಮಾತ್ರ ಹೊರಗಿಡಬಹುದು. ಅದನ್ನು ಮೀರಿದರೆ ಪ್ಲಾಸ್ಟಿಕ್ ಮೈ ನೀರು ಹೀರುತ್ತದೆ. ಬೆಸುಗೆಗೆಂದು ಸುಮಾರು 245 ಡಿಗ್ರಿಯ ಓವನ್‌ಗೆ ಹೋದಾಗ ಆ ನೀರು ಹಬೆಯಾಗಿ ಚಿಪ್ಪನ್ನು ಒಳಗಿನಿಂದ ಸೀಳುತ್ತದೆ. ಬಿರುಕು ಕಣ್ಣಿಗೆ ಕಂಡರೆ ಅದೃಷ್ಟ. ಕಾಣದಿದ್ದರೆ ಬೋರ್ಡ್ ಇವತ್ತು ಪಾಸಾಗಿ ಬಳಕೆದಾರನ ಮನೆಯಲ್ಲಿ ಸಾಯುತ್ತದೆ, ವಿನ್ಯಾಸ ಮಾಡಿದವನು ತನ್ನದೇ ತಪ್ಪೆಂದು ವಾರಗಟ್ಟಲೆ ಹುಡುಕುತ್ತಾನೆ. ಹಾಗಾಗಿ ಪೇಟೆಯಲ್ಲಿ ಒಣ ಕಪಾಟು, ನಿರ್ವಾತದಲ್ಲಿ ಚೀಲ ಮುಚ್ಚುವ ಯಂತ್ರ, ತೇವ ತೋರಿಸುವ ಕಾರ್ಡ್, ಒಣಗಿಸುವ ಓವನ್ ಇರಲೇಬೇಕು. ಟ್ರೇಯಲ್ಲಿರುವ ಚಿಪ್‌ಗೆ 125 ಡಿಗ್ರಿ ಕೊಡಬಹುದು. ಟೇಪ್‌ನಲ್ಲಿರುವುದಕ್ಕೆ ಅಷ್ಟು ಶಾಖ ಕೊಟ್ಟರೆ ಟೇಪೇ ಸುರುಟಿಕೊಳ್ಳುತ್ತದೆ, 40 ಡಿಗ್ರಿಯಲ್ಲಿ ದಿನಗಟ್ಟಲೆ ಇಡಬೇಕು.

ಇಪ್ಪತ್ತು ಬೋರ್ಡಿನ ಲೈನ್

ದೊಡ್ಡ ಕಾರ್ಖಾನೆ 20 ಬೋರ್ಡಿನ ಆರ್ಡರ್ ಹಿಡಿಯುವುದಿಲ್ಲ. ದುರಾಸೆಯಿಂದಲ್ಲ, ಯಂತ್ರಕ್ಕೆ ಬಿಡಿಭಾಗ ಉಣಿಸುವ ಫೀಡರ್‌ಗಳಿಗೆ ರೀಲ್ ಏರಿಸುವ ಹೊತ್ತು ಬೋರ್ಡ್ ಓಡುವ ಹೊತ್ತಿಗಿಂತ ಹೆಚ್ಚಾಗುತ್ತದೆ. ಪರಿಹಾರ ಸರಳ. ಸಣ್ಣ ಆರ್ಡರ್‌ಗೆಂದೇ ಒಂದು ಜೋಡಣಾ ಲೈನ್ ಇಡಿ, ಹೆಚ್ಚು ಬಳಕೆಯ ನೂರು ಭಾಗಗಳನ್ನು ಅದರಲ್ಲಿ ಕಾಯಂ ಏರಿಸಿರಿ, ಆ ಪಟ್ಟಿಯನ್ನು ಊರಿನ ಎಲ್ಲ ವಿನ್ಯಾಸಕಾರರಿಗೂ ಹಂಚಿ. ಅವರು ಪಟ್ಟಿಯಿಂದಲೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಹಾಗೆ ಮಾಡಿದರೆ ಅಗ್ಗ. ಖಾಲಿ ಬೋರ್ಡ್‌ಗಳನ್ನೂ ಹಲವು ಗಿರಾಕಿಗಳದ್ದು ಒಂದೇ ಹಾಳೆಯಲ್ಲಿ ಕೂಡಿಸಿ ಮಾಡಬಹುದು.

ಲೈನ್ ನಡೆಸುವವರಿಗೆ ಒಂದು ಮಾತು: ಸೋಲ್ಡರ್ ಪೇಸ್ಟನ್ನು (ಬೆಸುಗೆಯ ಲೇಪ) ಫ್ರಿಜ್‌ನಿಂದ ತೆಗೆದ ಕೂಡಲೇ ಡಬ್ಬಿ ತೆರೆಯಬೇಡಿ. ತಣ್ಣನೆಯ ಪೇಸ್ಟಿನ ಮೇಲೆ ಗಾಳಿಯ ತೇವ ಕೂರುತ್ತದೆ, ಬೆಸುಗೆ ಸಾಸಿವೆಕಾಳಿನಂತೆ ಸಿಡಿದು ಪಿನ್‌ಗಳ ನಡುವೆ ಸೇರಿಕೊಳ್ಳುತ್ತದೆ. ಮುಚ್ಚಿದ ಡಬ್ಬಿಯನ್ನು ನಾಲ್ಕು ಗಂಟೆ ಹೊರಗಿಟ್ಟರೆ ಸಾಕು.

ಅಚ್ಚು ಮಾಡುವವರನ್ನು ಓಡಿಸಬೇಡಿ

ಪ್ಲಾಸ್ಟಿಕ್ ಪೆಟ್ಟಿಗೆಯ ಗೋಡೆಗೆ ಒಂದೆರಡು ಡಿಗ್ರಿ ಓರೆ ಇಲ್ಲದಿದ್ದರೆ ಅದು ಅಚ್ಚಿನಲ್ಲಿ ಕಚ್ಚಿಕೊಳ್ಳುತ್ತದೆ, ಬಿಡಿಸುವಾಗ ಮೈ ಗೀರುತ್ತದೆ. ಗೋಡೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಆರುವಾಗ ದಪ್ಪನೆಯ ಕಡೆ ಕುಳಿ ಬೀಳುತ್ತದೆ. ಇದನ್ನು ಚಿತ್ರ ನೋಡಿದ ಕೂಡಲೇ ಹೇಳಬಲ್ಲ ಫಿಟ್ಟರ್ ಊರಿನ ಆಸ್ತಿ. ಅವನ ಕೈ ಪಳಗಲು ವರ್ಷಗಳು ಬೇಕು, ಯಂತ್ರ ಕೊಂಡಷ್ಟು ಸುಲಭವಾಗಿ ಆ ಕೈಯನ್ನು ಕೊಳ್ಳಲಾಗದು. ಅಂಥವರು ಸಾಮಾನ್ಯವಾಗಿ ಊರಿನ ಹಳೆಯ ಲೇತ್ ಶೆಡ್‌ಗಳಲ್ಲಿರುತ್ತಾರೆ. ಸದ್ದು, ಎಣ್ಣೆ, ಕೊಳಕು ಎಂದು ಆ ಶೆಡ್‌ಗಳನ್ನು ಊರಾಚೆ ತಳ್ಳಿ ಅದೇ ಜಾಗದಲ್ಲಿ ‘ನಾವೀನ್ಯ ಭವನ’ ಕಟ್ಟುವುದು ಒಂದು ನಗರ ಮಾಡಬಹುದಾದ ಅತಿ ದುಬಾರಿ ತಪ್ಪು. ಶೆಡ್ ಅಲ್ಲೇ ಇರಲಿ, ಪ್ಲೇಟಿಂಗ್ (ಲೋಹಲೇಪ) ಮಾಡುವವರಿಗೆ ಸಾಮೂಹಿಕ ತ್ಯಾಜ್ಯ ಸಂಸ್ಕರಣಾ ಘಟಕ ಕಟ್ಟಿಕೊಡಿ. ಒಬ್ಬೊಬ್ಬನಿಗೂ ಅದನ್ನು ಕಟ್ಟುವ ಶಕ್ತಿ ಇರುವುದಿಲ್ಲ, ಹಾಗೆಂದು ವಿಷ ಚರಂಡಿಗೆ ಬಿಡುವಂತೆಯೂ ಇಲ್ಲ. ಮೊದಲ ಕೆಲವು ನೂರು ಪೆಟ್ಟಿಗೆಗೆ ಅಲ್ಯೂಮಿನಿಯಂ ಅಚ್ಚು ಸಾಕು, ಉಕ್ಕಿನದು ವಿನ್ಯಾಸ ನೆಲೆನಿಂತ ಮೇಲೆ.

ಪರೀಕ್ಷೆ ಮತ್ತು ಕಸ್ಟಮ್ಸ್

ರೇಡಿಯೋ ಅಲೆ ಸೋರಿಕೆಯ ಪರೀಕ್ಷೆಗೆ ಬೇಕಾದ ಪೂರ್ಣ ಕೊಠಡಿ ದುಬಾರಿ, ಸರದಿಯೂ ಉದ್ದ. ಮೊದಲ ಸಲಕ್ಕೇ ಪಾಸಾಗದವರು ಮತ್ತೆ ಸರದಿಯ ಕೊನೆಗೆ ಹೋಗುತ್ತಾರೆ. ಅದಕ್ಕೆ ಗಂಟೆ ಲೆಕ್ಕದ ಬಾಡಿಗೆಗೆ ಪೂರ್ವಪರೀಕ್ಷಾ ಕೊಠಡಿಗಳು ಬೇಕು: ಅಲೆಗಳನ್ನು ಅಳೆದು ತೋರಿಸುವ ಒಂದು ಸ್ಪೆಕ್ಟ್ರಮ್ ಅನಲೈಜರ್, ಸಮೀಪದ ಸೋರಿಕೆ ಹುಡುಕುವ ಪ್ರೋಬ್‌ಗಳು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ‘ಇಲ್ಲಿಂದ ಸೋರುತ್ತಿದೆ, ಇದನ್ನು ಬದಲಿಸಿ’ ಎಂದು ಹೇಳುವ ಎಂಜಿನಿಯರ್. 30 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಸಿಕ್ಕಿಬೀಳುವ ಸಾಧನಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಕೇಬಲ್ಲನ್ನು. ಬೋರ್ಡಿನ ಗದ್ದಲಕ್ಕೆ ಅದೇ ಆಂಟೆನಾ.

ಲಿಥಿಯಂ ಬ್ಯಾಟರಿ ಇರುವ ಸಾಧನಕ್ಕೆ ಸಾಗಣೆಯ ಸುರಕ್ಷತೆ ತೋರಿಸುವ ಯುಎನ್ 38.3 ಪರೀಕ್ಷೆಯ ದಾಖಲೆ ಬೇಕು, ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ವಿಮಾನದಲ್ಲಿ ಕಳಿಸುವಾಗ ಚಾರ್ಜ್ ಶೇ 30 ಮೀರಬಾರದು. ಇದನ್ನು ಸರಕು ವಾಪಸ್ ಬಂದ ದಿನ ಕಲಿಯುವವರು ಬಹಳ.

ಕಸ್ಟಮ್ಸ್‌ನಲ್ಲಿ ಸಣ್ಣ ಪಾರ್ಸೆಲ್‌ಗೆ ಪ್ರತ್ಯೇಕ ಮೇಜು ಇಡಿ. ದುರಸ್ತಿಗೆ ಮರಳಿ ಬಂದ ಸಾಧನವನ್ನು ಹೊಸ ಆಮದೆಂದು ಸುಂಕ ಹಾಕದಂತೆ ನಿಯಮ ಬೇಕು.

ಜನ ಮತ್ತು ಕಾಲ

ಎಂಟು ಜನ ಕ್ಯಾಲಿಫೋರ್ನಿಯಾದಲ್ಲಿ, ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲೊಬ್ಬನಾದ ಶಾಕ್ಲಿಯ ಪ್ರಯೋಗಾಲಯ ಬಿಟ್ಟು 1957ರಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಚಿಪ್ ಕಂಪನಿ ಕಟ್ಟಿದರು. ನೌಕರ ಬಿಟ್ಟುಹೋಗಿ ಪೈಪೋಟಿಗೆ ನಿಲ್ಲಬಾರದೆಂಬ ಕರಾರು ಕ್ಯಾಲಿಫೋರ್ನಿಯಾದಲ್ಲಿ 1872ರಿಂದಲೂ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಈ ಕಾನೂನಿಗೆ ಬಿಡಿಗಾಸು ಖರ್ಚಿಲ್ಲ, ಆದರೂ ಎಷ್ಟೋ ನಗರಗಳು ಇದನ್ನು ಮುಟ್ಟುವುದಿಲ್ಲ.

ತಾಳ್ಮೆಯ ಲೆಕ್ಕಕ್ಕೆ ತೈವಾನನ್ನು ನೋಡಿ. ಕೈಗಾರಿಕಾ ಸಂಶೋಧನಾ ಸಂಸ್ಥೆ ಐಟಿಆರ್‌ಐ 1973ರಲ್ಲಿ ಹುಟ್ಟಿತು, 1976ರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿ ಆರ್‌ಸಿಎ ಜೊತೆ ಒಪ್ಪಂದವಾಗಿ ಎಂಜಿನಿಯರ್‌ಗಳು ಅಮೆರಿಕಕ್ಕೆ ಹೋಗಿ ಚಿಪ್ ತಯಾರಿಕೆ ಕಲಿತು ಬಂದರು, ಶಿನ್‌ಚು ವಿಜ್ಞಾನ ಪಾರ್ಕ್ ತೆರೆದದ್ದು 1980ರಲ್ಲಿ, ಚಿಪ್ ತಯಾರಿಸುವ ಕಂಪನಿ ಟಿಎಸ್‌ಎಂಸಿ ಹುಟ್ಟಿದ್ದು 1987ರಲ್ಲಿ. ಅಲ್ಲೂ ಪಾರ್ಕ್ ಬಂದದ್ದು ಜನ ಕಲಿತ ಮೇಲೆ.

ಸಾಲದ ವಿಷಯ ಚಿಕ್ಕದು, ಆದರೆ ಜೀವ ತೆಗೆಯುವಂಥದ್ದು. ಹಾರ್ಡ್‌ವೇರ್ ಕಂಪನಿ ಆರ್ಡರ್ ಇಲ್ಲದೆ ಮಾತ್ರವಲ್ಲ, ದೊಡ್ಡ ಆರ್ಡರ್ ಬಂದಾಗಲೂ ಸಾಯುತ್ತದೆ. ಬಿಡಿಭಾಗಕ್ಕೆ ಹಣ ಈಗಲೇ ಕಟ್ಟಬೇಕು, ಗಿರಾಕಿ ಕೊಡುವುದು ತಿಂಗಳುಗಳ ನಂತರ. ಖರೀದಿ ಆದೇಶದ ಮೇಲೆ ಸಾಲ ಕೊಡುವ ಒಂದು ಬ್ಯಾಂಕಾದರೂ ಊರಲ್ಲಿರಲಿ.

ಮೂರು ತಿಂಗಳಿಗೊಮ್ಮೆ ಅದೇ ಬೋರ್ಡನ್ನು ಮತ್ತೆ ಮಾಡಿಸಿ, ದಿನಗಳ ಪಟ್ಟಿಯನ್ನು ಪೇಟೆಯ ಗೋಡೆಗೆ ಅಂಟಿಸಿ, ಪ್ರತಿ ಸಾಲಿನ ಎದುರೂ ಅದಕ್ಕೆ ಹೊಣೆಯಾದ ಕಚೇರಿಯ ಹೆಸರು ಬರೆಯಿರಿ. ಸುತ್ತು 10 ದಿನಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ ಅಳತೆಯ ಬೋರ್ಡನ್ನು ಕಠಿಣಗೊಳಿಸಿ: ನಾಲ್ಕು ಪದರ, ಅಡಿಯಲ್ಲಿ ಬೆಸುಗೆ ಗುಂಡುಗಳಿರುವ ಚಿಪ್, ನೀರು ನುಗ್ಗದ ಪೆಟ್ಟಿಗೆ. ಹೊಸ ಪುಸ್ತಕ ತೆರೆದು ಮೊದಲ ಸಾಲಿನಿಂದ ಬರೆಯಲು ಶುರುಮಾಡಿ.